ಗಾಲಿ ಮೇಲೆ ಬಂದ ಎರಡು ಮನೆ

2013ರಲ್ಲಿ ನಾವು ಟೆಕ್ಸಸ್‌ನ ಆಸ್ಟಿನ್‌ಗೆ ಬಂದಾಗ ಕೈಯಲ್ಲಿ ದುಡ್ಡು ಕಡಿಮೆ, ಬಾಡಿಗೆ ಜಾಸ್ತಿ. ಊರಾಚೆಯ ಒಂದು ಮೊಬೈಲ್ ಹೋಮ್ ಪಾರ್ಕಿನಲ್ಲಿ ಹಳೇ ಡಬಲ್‌ವೈಡ್ ಮನೆಯೊಂದು, ಅಂದರೆ ಎರಡು ಹೋಳು ಜೋಡಿಸಿದ ಅಗಲದ ಮನೆ, 38 ಸಾವಿರ ಡಾಲರಿಗೆ ಸಿಕ್ಕಿತು. ಮೂರು ಬೆಡ್‌ರೂಮು, ಎರಡು ಬಚ್ಚಲು. ಎರಡು ವರ್ಷದ ಬಾಡಿಗೆ ದುಡ್ಡಿಗೆ ಸ್ವಂತ ಮನೆಯೇ ಆಯ್ತಲ್ಲ ಅಂತ ಹಿಗ್ಗಿದೆವು. ಐದು ವರ್ಷ ಇದ್ದು, 21 ಸಾವಿರಕ್ಕೆ ಮಾರಿ ಬಂದೆವು. 2019ರಲ್ಲಿ ಕಟ್ಟಿಸಿದ್ದು, ಅಂದರೆ ತರಿಸಿದ್ದು, ಮಾಡ್ಯುಲರ್ ಮನೆ. ಎರಡೂ ಫ್ಯಾಕ್ಟರಿಯಲ್ಲೇ ಹುಟ್ಟಿದವು, ಎರಡೂ ಲಾರಿ ಹಿಂದೆ ಎರಡು ಹೋಳಾಗಿ ಬಂದವು. ಹಾಗಾದ್ರೆ ವ್ಯತ್ಯಾಸ ಏನು ಅಂತ ಗೆಳೆಯರು ಕೇಳುತ್ತಿರುತ್ತಾರೆ. ನಾನು ದುಡ್ಡು ಕಳೆದುಕೊಂಡು ಕಲಿತದ್ದನ್ನು ಹೇಳುತ್ತೇನೆ.

ನಮ್ಮ ಮೊದಲನೇ ಮನೆಯನ್ನು ಕಾಗದದಲ್ಲಿ ‘ಮ್ಯಾನುಫ್ಯಾಕ್ಚರ್ಡ್ ಮನೆ’ ಅಂತಾರೆ. ಅದನ್ನು ಕಟ್ಟುವುದು ಕೇಂದ್ರ ಸರ್ಕಾರದ ವಸತಿ ಇಲಾಖೆಯ ನಿಯಮದ ಪ್ರಕಾರ. ಇಲ್ಲಿ ಎಲ್ಲರೂ ಅದನ್ನು ‘ಹಡ್ ಕೋಡ್’ ಅಂತಾರೆ. 1976ರ ಜೂನ್ 15ರಂದು ಜಾರಿಗೆ ಬಂತು. ಅದಕ್ಕಿಂತ ಹಳೆಯದಾದರೆ ಮೊಬೈಲ್ ಹೋಮ್ ಅಂತ ಲೆಕ್ಕ, ಅದಕ್ಕೆ ಸಾಲ ಸಿಗುವುದು ಬಲು ಕಷ್ಟ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲೋರಿಡಾದಲ್ಲಿ ಇಂಥ ಮನೆಗಳನ್ನು ಚಿಂದಿ ಮಾಡಿದ ಮೇಲೆ, 1994ರಲ್ಲಿ ಗಾಳಿಯ ನಿಯಮ ಬಿಗಿ ಮಾಡಿದರು. ಮನೆಯ ಪ್ರತಿ ಹೋಳಿನ ಹೊರಗೋಡೆಗೆ ಒಂದು ಕೆಂಪು ಲೋಹದ ಪಟ್ಟಿ ಇರುತ್ತದೆ. ಒಳಗೆ, ಅಡುಗೆಮನೆ ಕಪಾಟಿನಲ್ಲೋ ಬಟ್ಟೆ ಕಪಾಟಿನಲ್ಲೋ, ಡೇಟಾ ಪ್ಲೇಟ್ ಅನ್ನುವ ಕಾಗದ ಅಂಟಿಸಿರುತ್ತಾರೆ. ಯಾವ ಗಾಳಿ ವಲಯಕ್ಕೆ ಕಟ್ಟಿದ್ದು ಅಂತ ಅದರಲ್ಲೇ ಬರೆದಿರುತ್ತದೆ. ಹಳೇ ಮನೆ ನೋಡಲು ಹೋದರೆ ಮೊದಲು ಕಪಾಟು ತೆಗೆದು ನೋಡಿ. ಪೇಂಟು ಆಮೇಲೆ ನೋಡಬಹುದು.

ಈ ಮನೆಯ ಅಡಿಯಲ್ಲಿ ಉಕ್ಕಿನ ಚಾಸಿ ಇರುತ್ತದೆ. ಗಾಲಿ ತೆಗೆಯಬಹುದು, ಚಾಸಿ ಮಾತ್ರ ಕಾಯಂ. ಮಾಡ್ಯುಲರ್ ಮನೆಗೆ ಹಾಗಲ್ಲ. ಉಳಿದ ಮನೆಗಳಿಗೆ ಯಾವ ಕಟ್ಟಡ ನಿಯಮವೋ ಅದೇ ಇದಕ್ಕೂ. ಟೆಕ್ಸಸ್‌ನಲ್ಲಿ ಲೈಸೆನ್ಸ್ ಇಲಾಖೆಯ ಮುದ್ರೆ ಬೀಳುತ್ತದೆ. ಲಾರಿ ಮನೆಯ ಹೋಳುಗಳನ್ನು ಡಬ್ಬದ ಹಾಗೆ ತಂದುಕೊಡುತ್ತದೆ, ಕ್ರೇನ್ ಎತ್ತಿ ಪಾಯದ ಮೇಲೆ ಇಡುತ್ತದೆ. ಇಟ್ಟ ಮೇಲೆ ಅದು ಮಾಮೂಲಿ ಮನೆ.

ಮೊದಲ ಸಲ ನಾನು ನೋಡಿದ್ದು ಬರೀ ಮನೆ, ಕೆಳಗಿನ ನೆಲ ನೋಡಲೇ ಇಲ್ಲ. ಮನೆ ನಮ್ಮದು, ಜಾಗ ಪಾರ್ಕಿನವರದ್ದು. ಜಾಗದ ಬಾಡಿಗೆ ತಿಂಗಳಿಗೆ 390 ಡಾಲರ್ ಇದ್ದದ್ದು ಐದು ವರ್ಷದಲ್ಲಿ 560 ಆಯಿತು. ಬೇಡ ಅಂದರೆ ಮನೆ ಎತ್ತಿಕೊಂಡು ಹೋಗಬೇಕು. ಗಾಲಿ ಮೇಲೆ ಬಂದ ಮನೆ ಗಾಲಿ ಮೇಲೇ ಹೋಗುತ್ತೆ ಅಂತ ಸುಮ್ನೆ ಅಂದುಕೊಂಡಿದ್ದೆ. ಎರಡು ಹೋಳು ಬಿಡಿಸಿ, ಎಳೆದು, ಇನ್ನೊಂದು ಕಡೆ ಕೂರಿಸಿ ಮತ್ತೆ ಜೋಡಿಸುವ ಖರ್ಚು ಕೇಳಿ ಸುಮ್ಮನಾದೆ.

ಮಾರಲು ಹೊರಟಾಗ ಎರಡನೇ ಪೆಟ್ಟು. ನಮ್ಮ ಮನೆ ದಾಖಲೆಯಲ್ಲಿ ‘ಪರ್ಸನಲ್ ಪ್ರಾಪರ್ಟಿ’, ಕಾರು ಇದ್ದ ಹಾಗೆ ಚರ ಆಸ್ತಿ. ಹಾಗಾಗಿ ಕೊಳ್ಳುವವನಿಗೆ ಗೃಹಸಾಲ ಸಿಗುವುದಿಲ್ಲ, ಚರ ಆಸ್ತಿಗೆ ಕೊಡುವ ಚಾಟಲ್ ಲೋನ್ ಮಾತ್ರ. ಅದರ ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಬೆಂಗಳೂರಿನವರಿಗೆ ಹೇಳುವುದಾದರೆ ಬಿ ಖಾತಾ ಸೈಟಿನ ಕಥೆ. ಮನೆ ಚೆನ್ನಾಗಿದೆ ಅಂತ ಎಲ್ಲರೂ ಅಂತಾರೆ, ಬ್ಯಾಂಕಿನವರು ಕಾಗದ ನೋಡಿ ತಲೆ ಅಲ್ಲಾಡಿಸುತ್ತಾರೆ. ಸಾಲದಲ್ಲಿ ಕೊಳ್ಳುವವರು ಕಡಿಮೆ ಆದಷ್ಟೂ ಬೆಲೆ ಇಳಿಯುತ್ತದೆ, ಅಲ್ವಾ? ಜೊತೆಗೆ ನೆಲದ ಅವಸ್ಥೆ. ವಾಷಿಂಗ್ ಮೆಷಿನ್ ಪೈಪು ಒಂದು ರಾತ್ರಿ ಸೋರಿತ್ತು. ನೆಲಕ್ಕೆ ಹಾಕಿದ್ದು ಪಾರ್ಟಿಕಲ್ ಬೋರ್ಡು, ಮರದ ಪುಡಿ ಅಂಟಿಸಿ ಮಾಡಿದ ಹಲಗೆ. ಚಹಾಕ್ಕೆ ಬಿದ್ದ ಬಿಸ್ಕತ್ತಿನ ಹಾಗೆ ಉಬ್ಬಿಕೊಂಡಿತು.

ಎರಡನೇ ಸಲ ಜಾಗದಿಂದ ಶುರು ಮಾಡಿದೆ. ಆಸ್ಟಿನ್‌ನ ದಕ್ಷಿಣಕ್ಕಿರುವ ಲಾಕ್‌ಹಾರ್ಟ್ ಊರಿನ ಹತ್ತಿರ ಎರಡು ಎಕರೆ. ಊರಿನ ಹೊರಗೆ ಟೆಕ್ಸಸ್‌ನ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳ ಹಾಗೆ) ಜೋನಿಂಗ್ ಅಧಿಕಾರ, ಅಂದರೆ ಎಲ್ಲಿ ಏನು ಕಟ್ಟಬೇಕು ಅಂತ ಹೇಳುವ ಅಧಿಕಾರ, ಬಹುಮಟ್ಟಿಗೆ ಇಲ್ಲ. ಅದಕ್ಕೇ ಏನು ಬೇಕಾದರೂ ಕಟ್ಟಬಹುದು ಅಂತ ಜನ ತಿಳಿಯುತ್ತಾರೆ. ಆದರೆ ಲೇಔಟ್ ಮಾಡಿದವರು ಕ್ರಯಪತ್ರಕ್ಕೇ ಷರತ್ತು ಸೇರಿಸಿರುತ್ತಾರೆ. ನಾವು ನೋಡಿದ ಮೂರು ಜಾಗದಲ್ಲಿ ಒಂದಕ್ಕೆ ಷರತ್ತೇ ಇರಲಿಲ್ಲ. ಒಂದರಲ್ಲಿ ಮ್ಯಾನುಫ್ಯಾಕ್ಚರ್ಡ್, ಮಾಡ್ಯುಲರ್ ಎರಡೂ ಬೇಡ ಅಂತ ಇತ್ತು. ಮೂರನೆಯದರಲ್ಲಿ ಮ್ಯಾನುಫ್ಯಾಕ್ಚರ್ಡ್ ಮಾತ್ರ ಬೇಡ. ನಮಗೆ ಹಿಡಿಸಿದ್ದು ಆ ಮೂರನೆಯದು. ದೊಡ್ಡ ಓಕ್ ಮರ, ರಸ್ತೆ ಪಕ್ಕ, ಸುತ್ತ ಒಳ್ಳೆಯ ಮನೆಗಳು.

ನಿಜ ಹೇಳಬೇಕೆಂದರೆ, ಆ ಷರತ್ತು ಇಲ್ಲದಿದ್ದರೆ ಮ್ಯಾನುಫ್ಯಾಕ್ಚರ್ಡ್ ಮನೆಯನ್ನೇ ತರುತ್ತಿದ್ದೆನೋ ಏನೋ. ಸುಮಾರು 1,500 ಚದರಡಿಗೆ ನನಗೆ ಬಂದ ಕೊಟೇಶನ್ ಹೀಗಿತ್ತು: ಮ್ಯಾನುಫ್ಯಾಕ್ಚರ್ಡ್ 88 ಸಾವಿರ ಡಾಲರ್, ಮಾಡ್ಯುಲರ್ 1 ಲಕ್ಷ 36 ಸಾವಿರ. ಸೆಪ್ಟಿಕ್, ನೀರು, ಕರೆಂಟು, ಲಾರಿ ಬರುವಂಥ ದಾರಿ, ಇವು ಎರಡಕ್ಕೂ ಒಂದೇ. ಹತ್ತಿರ ಹತ್ತಿರ 45 ಸಾವಿರ. ಇದನ್ನು ಶೋರೂಮಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಇನ್ನೊಂದು ವಿಷಯವನ್ನೂ ಅವರು ಹೇಳುವುದಿಲ್ಲ. ಮ್ಯಾನುಫ್ಯಾಕ್ಚರ್ಡ್ ಮನೆಯನ್ನೂ ಸ್ವಂತ ಜಾಗದಲ್ಲಿ ಕಾಯಂ ಪಾಯದ ಮೇಲೆ ಕೂರಿಸಿ, ಅದನ್ನು ಸ್ಥಿರಾಸ್ತಿ ಮಾಡಿಸಬಹುದು. ಟೆಕ್ಸಸ್‌ನಲ್ಲಿ ರಾಜ್ಯದ ವಸತಿ ಇಲಾಖೆ ಕೊಡುವ ‘ಸ್ಟೇಟ್‌ಮೆಂಟ್ ಆಫ್ ಓನರ್‌ಶಿಪ್’ ಅರ್ಜಿಯಲ್ಲಿ ರಿಯಲ್ ಪ್ರಾಪರ್ಟಿ ಅಂತ ಆರಿಸಿ, ಅದನ್ನು ಕೌಂಟಿಯಲ್ಲಿ ನೋಂದಾಯಿಸಬೇಕು. ಆಗ ಗೃಹಸಾಲದ ಬಾಗಿಲು ತೆರೆಯುತ್ತದೆ. ಇಳಿಜಾರು ಚಾವಣಿ, ಒಳಗೆಲ್ಲ ಡ್ರೈವಾಲ್ (ಜಿಪ್ಸಮ್ ಹಲಗೆಯ ಗೋಡೆ) ಇರುವ ಕೆಲವು ಮನೆಗಳಿಗೆ, ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ‘ಫ್ಯಾನಿ ಮೇ’ ಅನ್ನುವ ಸಂಸ್ಥೆ 2018ರಲ್ಲಿ ಮಾಮೂಲಿ ಮನೆಗೆ ಹತ್ತಿರದ ಷರತ್ತಿನ ಸಾಲದ ಯೋಜನೆಯನ್ನೂ ತಂದಿತ್ತು. ನಾನು ಹೋದ ಒಂದು ಅಂಗಡಿಯವನು ಮಾತ್ರ ಚಾಟಲ್ ಲೋನ್ ಫಾರಮ್ಮನ್ನೇ ಮುಂದಿಟ್ಟ. ಬೇಗ ಆಗುತ್ತೆ ಸರ್ ಅಂದ. ಬೇಗ ಆಗುವುದು ಅವನ ಕಮಿಷನ್ನು. ಅವನು ಹೇಳಿದ ಬಡ್ಡಿ 8ರ ಮೇಲೆ. ಆ ವರ್ಷ ನನಗೆ ಸಿಕ್ಕ ಗೃಹಸಾಲ 4ರ ಆಸುಪಾಸು.

ಹಾಗಾಗಿ ‘ಮ್ಯಾನುಫ್ಯಾಕ್ಚರ್ಡ್ ಮನೆ ಬೆಲೆ ಇಳಿಯುತ್ತದೆ’ ಅಂತ ಯಾರಾದರೂ ಸಾರಾಸಗಟಾಗಿ ಹೇಳಿದರೆ ನಾನು ಒಪ್ಪುವುದಿಲ್ಲ. ಇಳಿದದ್ದು ಬಾಡಿಗೆ ಜಾಗದಲ್ಲಿದ್ದ ನನ್ನ ಮನೆ. ಪಕ್ಕದ ರಸ್ತೆಯಲ್ಲಿ ಸ್ವಂತ ಮೂರು ಎಕರೆಯಲ್ಲಿ ಡಬಲ್‌ವೈಡ್ ಇಟ್ಟವರ ಆಸ್ತಿ ಬೆಲೆ ನಮ್ಮದರ ಜೊತೆಜೊತೆಗೇ ಏರಿದೆ. ಮಾಡ್ಯುಲರ್‌ಗೆ ಇರುವ ನಿಜವಾದ ಅನುಕೂಲ ಬೇರೆ. ಬೆಲೆ ಕಟ್ಟಲು ಬಂದವರು ಅದನ್ನು ಜಾಗದಲ್ಲೇ ಕಟ್ಟಿದ ಮನೆಗಳ ಜೊತೆ ಹೋಲಿಸುತ್ತಾರೆ. ಡಬಲ್‌ವೈಡನ್ನು ಹೋಲಿಸುವುದು ಇನ್ನೊಂದು ಡಬಲ್‌ವೈಡ್ ಜೊತೆ. ಸುತ್ತ ಒಳ್ಳೆಯ ಮನೆಗಳಿದ್ದರೆ ಈ ಒಂದು ಸಾಲಿನ ವ್ಯತ್ಯಾಸಕ್ಕೆ ಬಹಳ ದುಡ್ಡಿದೆ. ವಿಮೆಯೂ ಮಾಮೂಲಿ ಮನೆಯದ್ದೇ ಸಿಕ್ಕಿತು.

ಇನ್ನು ಮಣ್ಣು. ನಾನು ಗದಗದ ಕಡೆಯವನು. ಜಾಗ ನೋಡಲು ಹೋದ ದಿನ ಬೂಟಿಗೆ ಮೆತ್ತಿದ ಕಪ್ಪು ಮಣ್ಣು ನೋಡಿ ಇದು ನಮ್ಮ ಎರೆಮಣ್ಣೇ ಅನಿಸಿತು. ಹೌದು, ಅದೇ ಜಾತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಪ್ಪನಿಗೆ ವಿಡಿಯೋ ಕಳಿಸಿದೆ. ‘ಎರಿ ಹೊಲದಾಗ ಮನಿ ಕಟ್ಟಬ್ಯಾಡೋ ತಮ್ಮಾ, ಬ್ಯಾಸಗಿಗೆ ನೆಲಾ ಬಾಯಿ ಬಿಡ್ತೈತಿ’ ಅಂದರು. ಪಾರ್ಕಿನ ಮನೆಯಲ್ಲಿ ಅದನ್ನು ಆಗಲೇ ಅನುಭವಿಸಿದ್ದೆ. ನೆಲದ ಮೇಲೆ ಪೇರಿಸಿದ ಬ್ಲಾಕುಗಳ ಮೇಲೆ ಮನೆ ಕೂತಿತ್ತು. ಬ್ಲಾಕು ಅಲುಗಿದರೆ ಬಾಗಿಲು ಕಚ್ಚುತ್ತಿತ್ತು. ಎರಡು ಸಲ ಜಾಕ್ ಹಾಕಿ ಮಟ್ಟ ಮಾಡಿಸಿದ್ದೆ.

ಅದಕ್ಕೆ ಈ ಸಲ ಪಾಯದಲ್ಲಿ ಜಿಪುಣತನ ಮಾಡಲಿಲ್ಲ. ಎಂಜಿನಿಯರ್ ಕರೆಸಿ ಮಣ್ಣು ಪರೀಕ್ಷೆ ಮಾಡಿಸಿದೆ. 12 ಅಡಿ ಆಳಕ್ಕೆ ಕೊರೆದು ಕಾಂಕ್ರೀಟ್ ಕಂಬ ಹಾಕಿ, ಮೇಲೆ ತೊಲೆ ಕೂರಿಸಿದರು. ಮಣ್ಣಿನ ಉಬ್ಬರ ಇಳಿತ ಮೇಲಿನ ಪದರದಲ್ಲೇ ಜಾಸ್ತಿ, ಕಂಬ ಅದರ ಕೆಳಗೆ ಊರಬೇಕು. 27 ಸಾವಿರ ಡಾಲರ್ ಆಯಿತು. ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಮನೆ ಬರಬೇಕಾದ ವಾರ ಮಳೆ ಹಿಡಿಯಿತು. ಎರೆಮಣ್ಣಿನಲ್ಲಿ ಕ್ರೇನ್ ಹೂತುಹೋಗುತ್ತದೆ ಅಂತ ಆಪರೇಟರ್ ಒಳಗೆ ಬರಲೇ ಒಪ್ಪಲಿಲ್ಲ. ಎರಡೂ ಡಬ್ಬ ಒಂಬತ್ತು ದಿನ ರಸ್ತೆ ಬದಿಯ ಯಾರ್ಡಿನಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತವು. ಒಂದು ಮೂಲೆಯಲ್ಲಿ ಹೊದಿಕೆ ಹರಿದು ಡ್ರೈವಾಲ್ ನೆನೆಯಿತು. ನಾನು ದಿನಾ ಫೋಟೋ ತೆಗೆದಿಟ್ಟಿದ್ದಕ್ಕೆ ಫ್ಯಾಕ್ಟರಿಯವರು ವಾದ ಮಾಡದೆ ಬದಲಿಸಿಕೊಟ್ಟರು. ಕೊನೆಗೆ ಬಿಸಿಲು ಬಂದ ದಿನ ಎರಡೂ ಹೋಳು ಒಂದೇ ಮಧ್ಯಾಹ್ನದಲ್ಲಿ ಪಾಯದ ಮೇಲೆ ಕೂತವು. ನಡುವಿನ ಸಂದು ಮುಚ್ಚಿ, ಪೈಪು ವೈರು ಜೋಡಿಸಿ, ಒಳಗೆ ಕಾಲಿಡಲು ಇನ್ನೂ ಏಳು ವಾರ ಹಿಡಿಯಿತು. ‘ಒಂದೇ ದಿನದಲ್ಲಿ ಮನೆ’ ಅನ್ನುವ ಜಾಹೀರಾತಿನಲ್ಲಿ ಈ ಏಳು ವಾರ ಇರುವುದಿಲ್ಲ.

ಗಾಲಿ ಮೇಲೆ ಬಂದ ಮನೆಗೆ ಗೃಹಪ್ರವೇಶ ಏನು ಮಾಡೋದು ಅಂತ ಅಪ್ಪ ಫೋನಿನಲ್ಲಿ ನಕ್ಕಿದ್ದರು. ಕೋವಿಡ್ ಕಳೆದು 2022ರಲ್ಲಿ ಬಂದರು. ಬಂದ ಮರುದಿನವೇ ಬಗ್ಗಿ ಮನೆಯ ಕೆಳಗೆ ಟಾರ್ಚು ಬಿಟ್ಟು ಕಂಬಗಳನ್ನು ಎಣಿಸಿದರು. ಆಗಸ್ಟ್ ತಿಂಗಳು. ಮಣ್ಣು ಬಿರಿದು ಪಾಯದಿಂದ ದೂರ ಸರಿಯಬಾರದು ಅಂತ ಇಲ್ಲಿನವರು ಮನೆ ಸುತ್ತ ಜಿನುಗು ಪೈಪು ಹಾಕುತ್ತಾರೆ. ನಾನೂ ಸಂಜೆ ನಲ್ಲಿ ತಿರುಗಿಸಿದೆ. ಅಪ್ಪ ಕಟ್ಟೆ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದರು.

‘ಅಲ್ಲೋ, ನಾವು ಹೊಲಕ್ಕ ನೀರಿಲ್ಲಂತ ಮುಗಿಲ ನೋಡ್ಕೋತ ಕುಂತೇವಿ, ನೀ ಮನಿಗೆ ನೀರ ಹಾಯಿಸ್ಲಿಕತ್ತೀಯಲ್ಲೋ!’