ಬರುತ್ತಾ ಅಂತ ಕೇಳಬೇಡಿ, ಮಾಡಿಸಿ ನೋಡಿ

ಪೀಣ್ಯದ ನಮ್ಮ ಮೆಷಿನ್ ಶಾಪಿನಲ್ಲಿ ಹದಿನಾಲ್ಕು ಜನ. ಯಾರಿಗೆ ಏನು ಬರುತ್ತೆ ಅನ್ನೋದು ನನಗೆ ಬಾಯಿಪಾಠ ಅಂದುಕೊಂಡಿದ್ದೆ. ಗ್ರೈಂಡಿಂಗ್ ಅಣ್ಣ ಊರಜಾತ್ರೆಗೆ ನಾಲ್ಕು ದಿನ ರಜೆ ಹಾಕಿದರು. ಮೆಷಿನ್ ಇತ್ತು, ಜಾಬ್ (ಮಾಡಬೇಕಾದ ಬಿಡಿಭಾಗ) ಇತ್ತು, ವೀಲ್ ಡ್ರೆಸ್ ಮಾಡುವ, ಅಂದರೆ ಸಾಣೆಚಕ್ರದ ಮುಖ ಕೆರೆದು ಸರಿಮಾಡುವ ಇನ್ನೊಂದು ಕೈ ಇರಲಿಲ್ಲ.

ಅವತ್ತೇ ಒಂದು ದೊಡ್ಡ ಹಾಳೆಗೆ ಗೆರೆ ಎಳೆದೆ. ಎಡಕ್ಕೆ ಹೆಸರು, ಮೇಲೆ ಕೆಲಸ. ಕೆಲಸವನ್ನು ಬಿಡಿಸಿ ಬರೆಯಿರಿ. ‘ಸಿಎನ್‌ಸಿ’ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮೆಷಿನ್) ಅಂತ ಒಂದೇ ಕಾಲಂ ಹಾಕಿದರೆ ಸುಮ್ನೆ ದಂಡ. ಜಾಬ್ ಲೋಡ್ ಮಾಡುವುದು, ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ಬಿಲ್ಲೆ) ಬದಲಿಸುವುದು, ಆಫ್‌ಸೆಟ್ (ಟೂಲಿನ ಸ್ಥಾನದ ತಿದ್ದುಪಡಿ) ಕೊಡುವುದು, ಪ್ರೋಗ್ರಾಂ ತಿದ್ದುವುದು, ಇವು ನಾಲ್ಕು ಬೇರೆ ಕಾಲಂ. ಬರದಿದ್ದರೆ 0, ಪಕ್ಕದಲ್ಲಿ ಯಾರಾದರೂ ನಿಂತರೆ ಮಾಡುತ್ತಾರೆ ಅಂದರೆ 1, ಒಬ್ಬರೇ ಮಾಡಿದರೆ 2, ಇನ್ನೊಬ್ಬರಿಗೆ ಕಲಿಸಬಲ್ಲರು ಅಂದರೆ 3.

ಅಂಕವನ್ನು ಅವರೇ ತುಂಬಲಿ ಅಂತ ಬಿಟ್ಟಿದ್ದು ನನ್ನ ತಪ್ಪು. ಐಟಿಐ ಮುಗಿಸಿ ಬಂದ ಹುಡುಗ ಎಲ್ಲದಕ್ಕೂ 3 ಹಾಕಿಕೊಂಡ. ಇಪ್ಪತ್ತು ವರ್ಷದ ಹಿರಿಯರು ಸಂಕೋಚಕ್ಕೆ 1 ಬರೆದರು. ಆಮೇಲೆ ಮಾಡಿಸಿಯೇ ನೋಡಿದೆ. ಮೈಕ್ರೋಮೀಟರ್ ಅನ್ನೋ ಅಳತೆ ಸಾಧನದ ಸೊನ್ನೆಯನ್ನು ಬೇಕಂತಲೇ 0.02 ಮಿ.ಮೀ. ತಪ್ಪಿಸಿಟ್ಟು, ಪಿನ್ ಕೈಗೆ ಕೊಟ್ಟು ‘ಸೈಜ್ ಹೇಳಿ’ ಅಂದೆ. ಆರು ಜನರಲ್ಲಿ ನಾಲ್ವರು ನೇರ ಓದಿ ಹೇಳಿಬಿಟ್ಟರು. ಇಬ್ಬರು ಮಾತ್ರ ಮೊದಲು ಮೈಕ್ರೋಮೀಟರಿನ ಬಾಯಿ ಮುಚ್ಚಿ ಸೊನ್ನೆ ನೋಡಿದರು. ಆ ಪಿನ್ನಿನ ಸೈಜ್ ಹೆಚ್ಚುಕಮ್ಮಿ ಆಗಲು ಡ್ರಾಯಿಂಗಿನಲ್ಲಿ ಬಿಟ್ಟಿದ್ದೇ ±0.02! ಓದೋದು ಎಲ್ಲರಿಗೂ ಬರುತ್ತೆ, ಸೊನ್ನೆ ನೋಡುವ ಅಭ್ಯಾಸ ಇರಲಿಲ್ಲ. ಇದಕ್ಕೆ ಎರಡು ದಿನದ ಟ್ರೈನಿಂಗ್ ಯಾಕೆ? ಹತ್ತು ನಿಮಿಷ ಸಾಕಾಯಿತು.

ಇನ್ನು ಲೆಕ್ಕ ಸುಲಭ. ಎರಡು ಶಿಫ್ಟಿಗೆ ಇಬ್ಬರು, ರಜೆಗೆ ಒಬ್ಬರು. ಪ್ರತಿ ಕಾಲಮಿನಲ್ಲಿ 2 ಅಥವಾ 3 ಇರುವವರು ಕನಿಷ್ಠ ಮೂವರು ಬೇಕು. ಗ್ರೈಂಡಿಂಗಿನಲ್ಲಿ ಇದ್ದದ್ದು ಒಬ್ಬರು. ಕೊರತೆ ಎರಡು.

ಎಲ್ಲ ಕೊರತೆಯೂ ಕಲಿಕೆಯದ್ದಲ್ಲ. ಒಬ್ಬ ಆಪರೇಟರ್ ಆಫ್‌ಸೆಟ್ ಮುಟ್ಟುತ್ತಲೇ ಇರಲಿಲ್ಲ. ಕೇಳಿದರೆ, ಹಿಂದೊಮ್ಮೆ ಜಾಬ್ ರಿಜೆಕ್ಟ್ ಆದಾಗ ನಾನು ಬೈದಿದ್ದೆನಂತೆ. ಅವನಿಗೆ ಕ್ಲಾಸ್ ಬೇಕಿರಲಿಲ್ಲ ಅಲ್ವಾ?

ಐಎಸ್‌ಒ 9001 ಅನ್ನೋ ಗುಣಮಟ್ಟದ ಮಾನದಂಡದ 7.2ನೇ ಕಲಂ ಸಾಮರ್ಥ್ಯಕ್ಕೆ ದಾಖಲೆ ಕೇಳುತ್ತದೆ ಅಂತ ಆಡಿಟ್ ಹಿಂದಿನ ರಾತ್ರಿ ಕೂತು ಎಲ್ಲರಿಗೂ 3 ತುಂಬುವವರನ್ನು ನೋಡಿದ್ದೇನೆ. ನಮ್ಮ ಹಾಳೆ ಪೆನ್ಸಿಲಿನಲ್ಲೇ ಇದೆ. ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಿಸಿ ನೋಡಿ ತಿದ್ದುತ್ತೇನೆ. ಹೋದ ವಾರ ಐಟಿಐ ಹುಡುಗ ಅಣ್ಣನ ಪಕ್ಕ ನಿಂತು ವೀಲ್ ಡ್ರೆಸ್ ಮಾಡಿದ. ಅವನ ಹೆಸರಿನ ಮುಂದಿನ 0 ಅಳಿಸಿ 1 ಬರೆದೆ.