ಒಪ್ಪಿಗೆ ಪತ್ರದಿಂದ ಒಂಬತ್ತನೇ ಪ್ರಶ್ನೆಯವರೆಗೆ

ಮನೋವಿಜ್ಞಾನದ ಸಂಶೋಧನಾ ಯೋಜನೆಗೆ ಫೀಲ್ಡ್ ಇನ್ವೆಸ್ಟಿಗೇಟರ್, ಅಂದರೆ ಮನೆಮನೆಗೆ ಹೋಗಿ ಸಂದರ್ಶನ ಮಾಡುವವರು, ಆಗಿ ಸೇರಿದವರಿಗೆ ಮೊದಲ ವಾರ ಪ್ರಶ್ನಾವಳಿ ಕಲಿಸುತ್ತಾರೆ, ಟ್ಯಾಬ್ ಕೊಡುತ್ತಾರೆ. ಸಂಶೋಧನೆಯಲ್ಲಿ ಭಾಗವಹಿಸುವವರ ಹಿತ ಕಾಯುವ ನೀತಿ ಸಮಿತಿಯ (ಎಥಿಕ್ಸ್ ಕಮಿಟಿಯ) ಅನುಮೋದನೆ ಪತ್ರ ಮಾತ್ರ ಕಚೇರಿಯ ಫೈಲಿನಲ್ಲೇ ಇರುತ್ತದೆ. ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಿಗೆ ಹೊರಡುವ ಮೊದಲು ನಾನು ಕೇಳಿ ಪಡೆಯುವುದು ಅದರ ನಕಲನ್ನೇ. ಅದರಲ್ಲಿ ಮೊದಲು ನೋಡುವುದು ಒಪ್ಪಿಗೆ ಪತ್ರದ ಆವೃತ್ತಿ ಸಂಖ್ಯೆ ಮತ್ತು ದಿನಾಂಕ. ಕೈಗೆ ಕೊಟ್ಟ ಝೆರಾಕ್ಸ್ ಪ್ರತಿ ಹಳೆಯ ಆವೃತ್ತಿಯದಾದರೆ ಆ ದಿನ ಹೊರಡುವುದಿಲ್ಲ. ಯಾರನ್ನು ಸೇರಿಸಬಹುದು, ಎಷ್ಟು ಹಣ ಕೊಡಬೇಕು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಈ ಮೂರನ್ನೂ ಡೈರಿಯ ಮೊದಲ ಪುಟದಲ್ಲಿ ಬರೆದುಕೊಳ್ಳುತ್ತೇನೆ. ಕೆಳಗಿನ ಹುದ್ದೆಯವರಿಗೆ ನಿರ್ಧಾರ ಮಾಡುವ ಅಧಿಕಾರ ಕಡಿಮೆ. ನಿಲ್ಲಿಸುವ, ಬರೆದಿಡುವ, ಕೇಳುವ ಅಧಿಕಾರ ಪೂರ್ತಿ ಇದೆ.

ಹಳ್ಳಿಯಲ್ಲಿ ಮನೆ ತೋರಿಸಲು ಆಶಾ ಕಾರ್ಯಕರ್ತೆ ಜೊತೆಗೆ ಬರುತ್ತಾರೆ. ಅದರಿಂದ ಅನುಕೂಲವಾಗುವಂತೆ ತೊಡಕೂ ಆಗುತ್ತದೆ. ಸರ್ಕಾರದವರು ಬಂದಿದ್ದಾರೆ, ಬೇಡ ಎಂದರೆ ರೇಷನ್ ಕಾರ್ಡಿಗೆ ಕುತ್ತು ಎಂದು ಜನ ಅಂದುಕೊಳ್ಳುತ್ತಾರೆ. ಹಾಗಾಗಿ ಹೆಸರು ಕೇಳುವುದಕ್ಕೂ ಮೊದಲೇ ಹೇಳಿಬಿಡುತ್ತೇನೆ: “ಯವ್ವಾ, ಇದು ರೇಷನ್ನಿಂದು ಅಲ್ಲ, ಪಿಂಚಣಿದೂ ಅಲ್ಲ. ನೀವು ಒಲ್ಲೆ ಅಂದ್ರೂ ಏನೂ ಕಟ್ಟಾಗಂಗಿಲ್ಲ.” ಎರಡು ಪುಟದ ಒಪ್ಪಿಗೆ ಪತ್ರವನ್ನು ನಿಧಾನವಾಗಿ ಓದಿ ಹೇಳಲು ಹತ್ತು ಹನ್ನೆರಡು ನಿಮಿಷ ಬೇಕು. ಓದಿದ ಮೇಲೆ “ತಿಳೀತಾ?” ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು “ನಾ ಹೇಳಿದ್ದು ನಿಮ್ಮ ಮಾತಿನಾಗ ಒಂದ್ಸಲ ಹೇಳ್ರಿ” ಎನ್ನುತ್ತೇನೆ. ಏನು ಕೇಳುತ್ತೇವೆ, ನಡುವೆ ಎದ್ದು ಹೋಗಬಹುದೇ, ಇದರಿಂದ ಅವರಿಗೆ ಏನು ಸಿಗುತ್ತದೆ, ಈ ಮೂರೂ ಅವರ ಬಾಯಿಂದ ಬರಬೇಕು. “ನೀವು ಕೇಳ್ತೀರಿ, ನಾವು ಹೇಳಬೇಕಲ್ಲ” ಎಂಬ ಉತ್ತರ ಬಂದರೆ ಒಪ್ಪಿಗೆ ಇನ್ನೂ ಆಗಿಲ್ಲ.

ಹೆಬ್ಬೆಟ್ಟು ಒತ್ತುವವರಿಗೆ ಓದು ಬರುವ, ಯೋಜನೆಗೆ ಸಂಬಂಧವಿಲ್ಲದ ಸಾಕ್ಷಿ ಬೇಕು. ಅವಸರದಲ್ಲಿ ಜೊತೆಗೆ ಬಂದ ಆಶಾ ಕಾರ್ಯಕರ್ತೆಯಿಂದಲೇ ಸಹಿ ಹಾಕಿಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಸಾಕ್ಷಿ ಓದು ಮುಗಿಯುವವರೆಗೂ ಕುಳಿತು ಕೇಳಿರಬೇಕು, ದಿನಾಂಕವನ್ನು ತಮ್ಮ ಕೈಯಿಂದಲೇ ಬರೆಯಬೇಕು.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪಾಲಕರ ಒಪ್ಪಿಗೆಯ ಜೊತೆಗೆ 7ರಿಂದ 18 ವರ್ಷದ ಮಕ್ಕಳ ಸಮ್ಮತಿಯೂ ಬೇಕು. 12 ದಾಟಿದವರದು ಬರವಣಿಗೆಯಲ್ಲಿ. ನಮ್ಮ ಕಡೆ ತಂದೆತಾಯಿ ಮುಂಬೈಗೋ ಪುಣೆಗೋ ಹೈದರಾಬಾದಿಗೋ ಗುಳೆ ಹೋಗಿರುತ್ತಾರೆ, ಮನೆಯಲ್ಲಿ ಅಜ್ಜಿ ಇರುತ್ತಾಳೆ. ಅಜ್ಜಿಯ ಹೆಬ್ಬೆಟ್ಟು ಸಾಕೇ, ತಂದೆಯನ್ನು ಫೋನಿನಲ್ಲಿ ಕೇಳಬಹುದೇ ಎಂಬುದನ್ನು ಸಮಿತಿಯಿಂದ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು. ಬಾಗಿಲಲ್ಲಿ ನಿಂತು ತೀರ್ಮಾನಿಸುವ ವಿಷಯ ಅಲ್ಲ.

ಏಕಾಂತ ಸಿಗುವುದು ಕಷ್ಟ. ಕಟ್ಟೆಯ ಮೇಲೆ ಕುಳಿತರೆ ಐದು ನಿಮಿಷಕ್ಕೆ ಅಕ್ಕಪಕ್ಕದವರು ಸೇರುತ್ತಾರೆ. ಇಬ್ಬರು ಹೋದರೆ ಒಬ್ಬರು ಪಡಸಾಲೆಯಲ್ಲಿ ಮನೆಯವರ ಜೊತೆ ಮಾತಾಡುತ್ತಿರಬಹುದು, ಇನ್ನೊಬ್ಬರು ಒಳಗೆ ಸಂದರ್ಶನ ಮಾಡಬಹುದು. ಯಾರಾದರೂ ನಡುವೆ ಬಂದರೆ ಮಾತು ಬದಲಿಸಲೆಂದು, ನೀರು, ಬೆಳೆ, ಶಾಲೆಯ ಬಗ್ಗೆ ಒಂದು ಪುಟದ ಪ್ರಶ್ನೆ ಇಟ್ಟುಕೊಂಡಿರುತ್ತೇನೆ. ಈ ಪುಟಕ್ಕೂ ಸಮಿತಿಯ ಅನುಮೋದನೆ ಇರಬೇಕು. ತೊಗರಿ ರಾಶಿಯ ದಿನಗಳಲ್ಲಿ ಹಗಲು ಮನೆಯಲ್ಲಿ ಯಾರೂ ಸಿಗುವುದಿಲ್ಲ. ಸಂಜೆ ಹೋದರೆ ದಣಿದಿರುತ್ತಾರೆ, ಬೇಗ ಮುಗಿಯಲಿ ಎಂದು ಎಲ್ಲಕ್ಕೂ ಹೂಂ ಅನ್ನುತ್ತಾರೆ. ಕೇಳಿ ಇನ್ನೊಂದು ದಿನ ಗೊತ್ತು ಮಾಡಿಕೊಳ್ಳುವುದೇ ಲೇಸು.

ಭಾಷೆಯ ಬಗ್ಗೆ ಒಂದು ಮಾತು: ತಾಂಡಾದಲ್ಲಿ ಲಂಬಾಣಿ, ಕಲಬುರಗಿ ಪೇಟೆಯಲ್ಲಿ ದಖನಿ ಉರ್ದು, ಬೀದರಿನ ಗಡಿಯಲ್ಲಿ ಮರಾಠಿ. ಪ್ರಶ್ನೆಯನ್ನು ಸ್ಥಳದಲ್ಲೇ ಅನುವಾದಿಸಿದರೆ ಹತ್ತು ಮನೆಗೆ ಹತ್ತು ಪ್ರಶ್ನೆ ಆಗುತ್ತದೆ. ಅನುಮೋದಿತ ಅನುವಾದ ಇಲ್ಲದ ಭಾಷೆಯವರನ್ನು ಸೇರಿಸುವುದಿಲ್ಲ, ಕಾರಣ ಬರೆದಿಡುತ್ತೇನೆ.

ಇನ್ನು ಒಂಬತ್ತನೇ ಪ್ರಶ್ನೆ. ಖಿನ್ನತೆ ಅಳೆಯಲು ಬಹಳ ಕಡೆ ಬಳಸುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಕೊನೆಯದು, ಕಳೆದ ಎರಡು ವಾರದಲ್ಲಿ ಸತ್ತರೆ ಒಳ್ಳೆಯದು ಎಂದೋ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂದೋ ಅನಿಸಿತ್ತೇ ಎಂಬುದು. ಒಟ್ಟು ಅಂಕ 27ಕ್ಕೆ ಬರೀ 6 ಇದ್ದರೂ, ಈ ಒಂದಕ್ಕೆ 0 ಬಿಟ್ಟು ಬೇರೆ ಏನೇ ಬಂದರೂ ಅಲ್ಲಿಗೆ ಫಾರ್ಮ್ ಮುಚ್ಚುತ್ತೇನೆ. ಈಗಲೂ ಹಾಗೆ ಅನಿಸುತ್ತಿದೆಯೇ, ಹೇಗೆ ಎಂದು ಯೋಚಿಸಿದ್ದೀರಾ, ಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಇದೆಯೇ ಎಂದು ನೇರವಾಗಿ ಕೇಳುತ್ತೇನೆ. ಹತ್ತಿ, ತೊಗರಿ ಬೆಳೆಯುವ ಸೀಮೆಯಲ್ಲಿ ಕೀಟನಾಶಕದ ಡಬ್ಬಿ ಮನೆಯ ಮೂಲೆಯಲ್ಲೇ ಇರುತ್ತದೆ, ಈ ಪ್ರಶ್ನೆ ಬಿಡುವಂತಿಲ್ಲ. ಕೇಳಿದರೆ ಯೋಚನೆ ಬಿತ್ತಿದಂತಾಗುತ್ತದೆ ಎಂಬ ಭಯ ಬೇಡ. ಅಲ್ಲೇ ಕುಳಿತು ಮೇಲ್ವಿಚಾರಕರಿಗೆ ಫೋನ್ ಮಾಡಬೇಕು, ಉತ್ತರ ಕೊಟ್ಟವರನ್ನು ಒಬ್ಬರೇ ಬಿಟ್ಟು ಬರಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಚೀಟಿಯಲ್ಲಿ ನಂಬರ್ ಬರೆದುಕೊಟ್ಟರೆ ಆ ಕರೆ ಆಗುವುದೇ ಇಲ್ಲ. ನನ್ನ ಫೋನಿನಿಂದ ಹಚ್ಚಿ ಕೈಗೆ ಕೊಡುತ್ತೇನೆ. ಊರಿನಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂಬುದನ್ನು ಬೆಳಿಗ್ಗೆಯೇ ನೋಡಿಟ್ಟುಕೊಂಡಿರಬೇಕು.

“ಯಾರಿಗೂ ಹೇಳಂಗಿಲ್ಲ” ಎಂಬ ಮಾತು ನಾನು ಎಂದೂ ಕೊಡುವುದಿಲ್ಲ. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಗೌಪ್ಯತೆಗೆ ಇರುವ ಈ ಮಿತಿ ಒಪ್ಪಿಗೆ ಪತ್ರದಲ್ಲೇ ಬರೆದಿರಬೇಕು. ಇಲ್ಲವಾದರೆ ದೌರ್ಜನ್ಯದ ಪ್ರಶ್ನೆಗಳನ್ನು ಕೇಳಲು ಶುರು ಮಾಡುವ ಮೊದಲೇ ಎತ್ತಬೇಕಾದ ಆಕ್ಷೇಪ ಅದು.

ಹೆಸರುಗಳ ಪಟ್ಟಿ ಒಂದು ಬೀರುವಿನಲ್ಲಿ, ಕೋಡ್ ಹಾಕಿದ ಫಾರ್ಮ್ ಇನ್ನೊಂದರಲ್ಲಿ. ಕೆಲಸದ ಪುರಾವೆಗೆಂದು ವಾಟ್ಸಾಪ್ ಗುಂಪಿಗೆ ಫೋಟೊ ಕೇಳಿದರೆ ಊರಿನ ಬೋರ್ಡ್ ಕಳಿಸುತ್ತೇನೆ, ಫಾರ್ಮನ್ನಾಗಲಿ ಮುಖವನ್ನಾಗಲಿ ಕಳಿಸುವುದಿಲ್ಲ. ನಲವತ್ತು ಮನೆಯ ತಾಂಡಾದಲ್ಲಿ ವಯಸ್ಸು, ಕಸುಬು, ಮಕ್ಕಳ ಸಂಖ್ಯೆ ಹೇಳಿದರೆ ಹೆಸರು ಹೇಳಿದಂತೆಯೇ.

ದಿನಕ್ಕೆ ಹನ್ನೆರಡು ಫಾರ್ಮ್ ಬೇಕು ಎಂಬ ಒತ್ತಡ ಬಂದಾಗಲೇ ಖಾಲಿ ಜಾಗ ತುಂಬುವ ಚಾಳಿ ಶುರುವಾಗುತ್ತದೆ. ಒಪ್ಪಿಗೆ ಸೇರಿ ಒಂದು ಸಂದರ್ಶನಕ್ಕೆ ಸುಮಾರು ಒಂದು ತಾಸು ಬೇಕಾದರೆ, ಸರಿಯಾಗಿ ಮಾಡಿದರೆ ಐದಾರು ಆಗುತ್ತವೆ. “ಏನಾದ್ರೂ ಹಾಕಿಬಿಡು” ಎಂದು ಬಾಯಿಮಾತಲ್ಲಿ ಹೇಳಿದರೆ ಜಗಳ ಮಾಡದೆ ಮೆಸೇಜ್ ಕಳಿಸುತ್ತೇನೆ: “ಸರ್, 27ನೇ ಫಾರ್ಮಿನ 14ನೇ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಮತ್ತೆ ಹೋಗಿ ಕೇಳಲೇ, ಇಲ್ಲ ಉತ್ತರವಿಲ್ಲ ಎಂಬ ಕೋಡ್ ಹಾಕಲೇ?” ಇದರಲ್ಲಿ ಇರುವ ಎರಡು ದಾರಿಯೂ ಪ್ರಾಮಾಣಿಕವಾದವು, ಮೂರನೆಯದನ್ನು ಬರವಣಿಗೆಯಲ್ಲಿ ಹೇಳಲು ಯಾರಿಗೂ ಧೈರ್ಯ ಸಾಲದು. ಆಗಲೂ ಬಗೆಹರಿಯದಿದ್ದರೆ ಯೋಜನೆಯ ಮುಖ್ಯಸ್ಥರು, ಅದರ ಮೇಲೆ ನೀತಿ ಸಮಿತಿಯ ಸದಸ್ಯ ಕಾರ್ಯದರ್ಶಿ. ಸಮಿತಿಯ ಫೋನ್ ನಂಬರ್ ಹುಡುಕಬೇಕಾಗಿಲ್ಲ, ಭಾಗವಹಿಸುವವರಿಗೆ ಕೊಡುವ ಮಾಹಿತಿ ಪತ್ರದಲ್ಲೇ ಅಚ್ಚಾಗಿರುತ್ತದೆ.