ಮೆಡಿಸಿನ್ ವಾರ್ಡಿನ ರೌಂಡ್ಸ್‌ಗೆ ವಿದ್ಯಾರ್ಥಿ ಸಿದ್ಧನಾಗುವ ಬಗೆ

ಹಿರಿಯ ವೈದ್ಯರು ಹಾಸಿಗೆಯಿಂದ ಹಾಸಿಗೆಗೆ ಹೋಗಿ ರೋಗಿಗಳನ್ನು ನೋಡುವ ರೌಂಡ್ಸ್‌ಗೆ ಒಂದು ಗಂಟೆ ಮೊದಲೇ ವಾರ್ಡಿಗೆ ಬಂದು, ಕೇಸ್‌ಶೀಟ್ ತೆರೆಯುವ ಮುನ್ನ ರಾತ್ರಿ ಪಾಳಿಯ ನರ್ಸ್ ಅವರನ್ನು ಮಾತನಾಡಿಸಿ. ರೋಗಿಗೆ ಜ್ವರ ಬಂದದ್ದು, ಔಷಧ ಬೇಡವೆಂದದ್ದು, ನಡುರಾತ್ರಿ ಗೊಂದಲಗೊಂಡದ್ದು ಎಷ್ಟೋ ಸಲ ಬರವಣಿಗೆಗಿಂತ ಮೊದಲು ಅವರಿಂದಲೇ ತಿಳಿಯುತ್ತದೆ. ಬಳಿಕ ಹಿಂದಿನ 24 ಗಂಟೆಗಳ ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣಗಳನ್ನು ಬರೆದುಕೊಳ್ಳಿ. ಉಸಿರಾಟವನ್ನು ಮಾತ್ರ ನೀವೇ ಪೂರ್ತಿ ಒಂದು ನಿಮಿಷ ಎಣಿಸಿ. ವಯಸ್ಕರಲ್ಲಿ ಅದು ಸಾಮಾನ್ಯವಾಗಿ 12ರಿಂದ 20ರಷ್ಟಿರುತ್ತದೆ. ಚಾರ್ಟಿನಲ್ಲಿ ಎಲ್ಲರಿಗೂ ಒಂದೇ ಸಂಖ್ಯೆಯಿದ್ದರೆ ಯಾರೂ ಎಣಿಸಿಲ್ಲವೆಂದೇ ನನ್ನ ಅನುಮಾನ.

ಹೃದಯ ವೈಫಲ್ಯದ ರೋಗಿಯಾದರೆ, ಅವರನ್ನು 45 ಡಿಗ್ರಿ ಕೋನದಲ್ಲಿ ಒರಗಿಸಿ ಕೊರಳ ಅಭಿಧಮನಿಯನ್ನು ಗಮನಿಸಿ, ಶ್ವಾಸಕೋಶದ ತಳಭಾಗವನ್ನು ಆಲಿಸಿ, ಕಾಲಿನ ಊತವನ್ನು ಒತ್ತಿ ನೋಡಿ, ಇಂದಿನ ತೂಕವನ್ನು ನಿನ್ನೆಯದರೊಂದಿಗೆ ಹೋಲಿಸಿದರೆ ಮೂತ್ರವರ್ಧಕ ಕೆಲಸ ಮಾಡುತ್ತಿದೆಯೇ ಎಂಬುದರ ಅಂದಾಜು ಸಿಗುತ್ತದೆ. ಫ್ಯೂರೋಸೆಮೈಡ್ ಎಂಬ ಮೂತ್ರವರ್ಧಕದಿಂದ ರಕ್ತದ ಪೊಟ್ಯಾಸಿಯಂ ಇಳಿಯಬಹುದಾದ್ದರಿಂದ ಅಂದಿನ ರಕ್ತಪರೀಕ್ಷೆಯ ವರದಿಯನ್ನು ನೋಡದೆ ರೌಂಡ್ಸ್‌ಗೆ ನಿಲ್ಲಬೇಡಿ.

ಕೇಸು ಮಂಡಿಸುವಾಗ ವಯಸ್ಸು, ದಾಖಲಾದ ಕಾರಣ, ನಿನ್ನೆಯಿಂದಾದ ಬದಲಾವಣೆ ಇಷ್ಟನ್ನು ಹೇಳಿ, ನಿಮ್ಮದೇ ತೀರ್ಮಾನವನ್ನು, ತಪ್ಪಾದರೂ ಸರಿಯೇ, ಮುಂದಿಡಿ. ಆದರೆ ನೋಡದ ಅಂಕಿಯನ್ನು ಊಹಿಸಿ ಹೇಳಬೇಡಿ. “ನೋಡಿಲ್ಲ ಸರ್, ಈಗಲೇ ನೋಡಿ ತಿಳಿಸುತ್ತೇನೆ” ಎಂದರೆ ಸಾಕು.